ಹಗೇವಿಗೆ ಇಳಿಬಿಟ್ಟ ದೀಪ

ದೀಪ ಆರಿತ್ತು, ಕಾಶಿ. ಹಗ್ಗ ಕಟ್ಟಿ ನೆಲದೊಳಗಿನ ಜೋಳದ ಹಗೇವಿಗೆ ಇಳಿಬಿಟ್ಟ ದೀಪ ನಡುಮಟ್ಟಕ್ಕೂ ಹೋಗಿರಲಿಲ್ಲ, ಆರಿತ್ತು. ಹೊರಗಿನ ಗಾಳಿಗೆ ಆರಿದ್ದಲ್ಲ, ಎಣ್ಣೆ ತೀರಿ ಆರಿದ್ದಲ್ಲ. ಒಳಗಿನ ಕೆಟ್ಟ ಗಾಳಿಗೆ ಆರಿತ್ತು. ನಾನು ಕಣ್ಣಾರೆ ನೋಡಿದೆ. ನೋಡಿ, “ಉರೀಲಿಕತ್ತದ” ಎಂದೆ.

ಆ ಒಂದು ಮಾತಿನಿಂದ ನಿನ್ನ ಗಂಡ ಸತ್ತ.

ಇಷ್ಟು ವರ್ಷ ಊರು ಹೇಳಿಕೊಂಡು ಬಂದದ್ದು ಬೇರೆ. ಆಳು ಖಾಸಿಂ ಅವಸರ ಮಾಡಿ, ದೀಪ ಇಳಿಬಿಡುವ ಮೊದಲೇ ಹಗೇವಿಗೆ ಇಳಿದುಬಿಟ್ಟ. ಅವನನ್ನು ಉಳಿಸಲು ಹೋಗಿ ಶರಣಪ್ಪ ಜೀವ ಕೊಟ್ಟ — ಹೀಗೆ. ಇದರಲ್ಲಿ ಶರಣಪ್ಪನ ಬಗ್ಗೆ ಹೇಳುವುದು ಖರೆ. ಖಾಸಿಂನ ಬಗ್ಗೆ ಹೇಳುವುದು ಸುಳ್ಳು. ಆ ಸುಳ್ಳು ನನ್ನ ಬಾಯಲ್ಲಿ ಹುಟ್ಟಿದ್ದು.

ನನಗೆ ಬರೆಯಲು ಸರಿಯಾಗಿ ಬರುವುದಿಲ್ಲ. ಒತ್ತಕ್ಷರ ಎಲ್ಲಿ ಹಾಕಬೇಕೆಂದು ಈಗಲೂ ತಡವರಿಸುತ್ತೇನೆ. ಈ ಅಕ್ಷರ ಕಲಿಸಿದವಳೂ ನೀನೇ. ಗಂಡ ಸತ್ತ ಮೇಲೆ ಮಧ್ಯಾಹ್ನದ ಹೊತ್ತು ಹೋಗದೆ, ಪಡಸಾಲೆಯ ಫರಸಿ ಕಲ್ಲಿನ ಮೇಲೆ ಬಳಪ ಹಿಡಿದು ಅ ಆ ತಿದ್ದಿಸಿದೆ. “ಅಕ್ಕಾ, ನಿನ್ನ ಹೆಸರು ನೀ ಬರದ್ರ ನನಗ ಭಾಳ ಖುಷಿ” ಎಂದೆ. ಬರೆದೆ. ಬರೆಯುವಾಗ ನಿನ್ನ ಮುಖ ನೋಡಲಿಲ್ಲ.

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಬ್ಬರೂ ಮುದುಕಿಯರಾದೆವು, ಬಾಯಿಂದ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎಷ್ಟೋ ಸಲ ಬಾಯಿ ತೆರೆದೆ. ನೀನು ರೊಟ್ಟಿ ಬಡಿಯುವುದು ಬಿಟ್ಟು ತಲೆ ಎತ್ತಿದರೆ ಸಾಕು — ಎಮ್ಮೆಗೆ ನೀರಿಟ್ಟಿಲ್ಲ ಎಂದು ಎದ್ದು ಹೋದೆ. ಕಾಗದ ತಲೆ ಎತ್ತಿ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊಟ್ಟೆಕಿಚ್ಚಿನಿಂದ ಮಾಡಿದೆ. ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಆದರೆ ಅದು ಹೇಗೆ ಬೆಳೆಯಿತು ಎಂಬುದನ್ನು ನೀನು ತಿಳಿಯಬೇಕು. ಏಕೆಂದರೆ ನೀನು ಬರುವ ಮೊದಲೇ ಅದು ಶುರುವಾಗಿತ್ತು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಶರಣಪ್ಪ ಹೈದರಾಬಾದಿನಲ್ಲಿ ಓದುತ್ತಿದ್ದ. ನಮ್ಮ ಮನೆಯವರು — ಈಗ ಹೆಸರು ಹೇಳಿದರೆ ಬೈಯುವವರು ಯಾರಿದ್ದಾರೆ — ಮಲ್ಲಣ್ಣ, ಶರಣಪ್ಪನ ಅಣ್ಣ, ಹೊಲ ನೋಡುತ್ತಿದ್ದರು. ಅಣ್ಣ ದುಡಿದ, ತಮ್ಮ ಓಡಿದ. ಓಟದಲ್ಲಿ, ಉದ್ದ ಜಿಗಿತದಲ್ಲಿ ಆ ಕಾಲೇಜಿಗೆ ಅವನೇ ಮುಂದು. ರಜೆಗೆ ಬಂದಾಗಲೆಲ್ಲ ಥಳಥಳ ಹೊಳೆಯುವ ಬಹುಮಾನದ ಒಂದು ಕಪ್ಪು ತರುತ್ತಿದ್ದ. ಅತ್ತಿ ಅದನ್ನು ದೇವರ ಮಾಡದಲ್ಲಿ ಇಟ್ಟು ವಿಭೂತಿ ಹಚ್ಚುತ್ತಿದ್ದಳು. ಲಿಂಗಪೂಜೆಗೆ ಕೂತವರು ಆ ಕಪ್ಪುಗಳಿಗೂ ಕೈ ಮುಗಿಯಬೇಕಾದ ಹಾಗೆ ಸಾಲಾಗಿ ಇದ್ದವು. ಸೋಮವಾರ ಬಂತೆಂದರೆ ಅವನ್ನು ಬೂದಿ ಹಚ್ಚಿ ತಿಕ್ಕುವ ಕೆಲಸ ನನ್ನದು. ತಿಕ್ಕಿ ಎತ್ತಿದಾಗ ಅದರ ಹೊಟ್ಟೆಯಲ್ಲಿ ನನ್ನ ಮುಖ ಕಾಣುತ್ತಿತ್ತು, ಅಗಲವಾಗಿ, ಸೊಟ್ಟಗೆ.

ಅಣ್ಣನಿಗೆ ಕಪ್ಪು ಇರಲಿಲ್ಲ. ಅಣ್ಣನಿಗೆ ಒಂದು ಅಡ್ಡಹೆಸರು ಇತ್ತು.

ಅದು ನಿನಗೆ ಗೊತ್ತು. ‘ಹಗೇವಿನ ಮಲ್ಲ.’ ನಾನು ಬಂದ ವರ್ಷವೇ ಜೋಳ ತೆಗೆಯಲು ಹಗೇವು ತೆರೆದಿದ್ದರು. ದೀಪ ಸಣ್ಣಗೆ ಉರಿಯಿತು, ಆರಲಿಲ್ಲ. ಅನುಮಾನವಿದ್ದುದರಿಂದ ಸೊಂಟಕ್ಕೆ ಹಗ್ಗ ಕಟ್ಟಿ ಇವರನ್ನು ಇಳಿಸಿದರು. ಒಳಗೆ ತಲೆ ತಿರುಗಿ ಬಿದ್ದರು. ಎಳೆದು ಹಾಕಿದಾಗ ಅಂಗಳದ ತುಂಬ ನೆರೆದವರ ಮುಂದೆ ವಾಂತಿ ಮಾಡಿಕೊಂಡು, ಅತ್ತಿಯ ಸೆರಗು ಹಿಡಿದು “ಯವ್ವಾ ಯವ್ವಾ” ಎಂದು ಅತ್ತುಬಿಟ್ಟರು. ಜೀವ ಉಳಿಯಿತು, ಮಾನ ಹೋಯಿತು. ಬಾವಿಗೆ ಹೋದರೆ ಹೆಂಗಸರು ನನ್ನನ್ನು ಕೇಳುತ್ತಿದ್ದರು, “ಏನ ನೀಲಮ್ಮ, ನಿಮ್ಮನಿಯವ್ರು ಇವತ್ತರ ಎಚ್ಚರ ಅದಾರೇನ?” ಕೊಡ ತುಂಬುವ ತನಕ ನಗು.

ಶರಣಪ್ಪನೂ ಬಿಡಲಿಲ್ಲ. ರಜೆಗೆ ಬಂದವನು ಊಟಕ್ಕೆ ಕೂತಾಗ, “ಅಣ್ಣಾ, ಗಂಗಾಳಕ್ಕ ಕೈ ಹಾಕೂಕಿಂತ ಮೊದಲ ಒಂದು ದೀಪಾ ಇಳಿಬಿಟ್ಟು ನೋಡು” ಎಂದ. ಅತ್ತಿ ನಕ್ಕಳು. ಮಾವ ನಕ್ಕರು. ಇವರೂ ನಕ್ಕರು — ತಮ್ಮನ ಮಾತೆಂದರೆ ಇವರಿಗೆ ಅಷ್ಟು ಪ್ರೀತಿ. ನಾನು ನಗಲಿಲ್ಲ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಹೋಗಲಿಲ್ಲ.

ಆಮೇಲೆ ನೀನು ಬಂದೆ.

ಶಹಾಬಾದದ ಫರಸಿ ವ್ಯಾಪಾರದವರ ಮಗಳು. ಓದು ಬಲ್ಲವಳು. ನಿನ್ನ ತವರಿನವರು ಬಂಡಿಯಲ್ಲಿ ನುಣ್ಣಗೆ ತಿಕ್ಕಿದ ಕಲ್ಲು ಕಳಿಸಿ ನಮ್ಮ ಪಡಸಾಲೆಗೆ ಹಾಸಿಸಿದರು. ಅಲ್ಲಿಯ ತನಕ ನಾನು ಸಗಣಿ ಸಾರಿಸಿದ ನೆಲ ಅದು. ಬಂದವರೆಲ್ಲ ಕಾಲು ಸವರಿ ನೋಡಿ, “ಸಣ್ಣ ಸೊಸಿ ಬಂದ ಮ್ಯಾಲೆ ಮನಿಗೆ ಕಳೆ ಬಂತು” ಎಂದರು. ನೀನು ಒಳ್ಳೆಯವಳಾಗಿದ್ದೆ, ಅದು ಇನ್ನೂ ಕಷ್ಟ. ನೀನು ಜಂಬದವಳಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಆದರೆ ಕಾಶಿ, ಕಲ್ಲಿನ ಮಾತಲ್ಲ, ಓದಿನ ಮಾತೂ ಅಲ್ಲ. ನನ್ನನ್ನು ಸುಟ್ಟದ್ದು ಬೇರೆ. ಮದುವೆಯಾದ ಮೇಲೂ ಅವನು ಓದಲು ಹೋಗುತ್ತಿದ್ದ. ರಜೆಗೆ ಬರುವಾಗ ವಾಡಿಯಲ್ಲಿ ರೈಲು ಇಳಿಯುತ್ತಿದ್ದ. ಅಲ್ಲಿಂದ ನಮ್ಮೂರಿಗೆ ಎರಡು ಹರದಾರಿ. ಬಂಡಿ ಕಳಿಸುತ್ತೇವೆಂದರೂ ಕಾಯುತ್ತಿರಲಿಲ್ಲ. ಟ್ರಂಕು ಸ್ಟೇಷನ್ನಿನಲ್ಲಿ ಬಿಟ್ಟು, ಧೋತರ ಮೇಲೆ ಕಟ್ಟಿ, ಓಡುತ್ತ ಬರುತ್ತಿದ್ದ. ಕರಿ ಹೊಲದ ನಡುವಿನ ಬಂಡಿ ದಾರಿಯಲ್ಲಿ ಧೂಳು ಎದ್ದದ್ದು ನಮ್ಮ ಮಾಳಿಗೆಯಿಂದ ಕಾಣುತ್ತಿತ್ತು. ನೀನು ಮೆಣಸಿನಕಾಯಿ ಒಣಗಿಸುವ ನೆವ ಮಾಡಿ ಮಾಳಿಗೆ ಹತ್ತುತ್ತಿದ್ದೆ. ಒಂದು ಸಲ ನಾನೂ ಹಿಂದೆ ಹತ್ತಿ ನೋಡಿದೆ. ಒಬ್ಬ ಗಂಡಸು ತನ್ನ ಹೆಂಡತಿಯನ್ನು ನೋಡಲು ಬಿಸಿಲಲ್ಲಿ ಓಡಿ ಬರುತ್ತಿದ್ದ.

ನನ್ನ ಸಲುವಾಗಿ ಯಾರೂ ಎಂದೂ ಓಡಿ ಬರಲಿಲ್ಲ. ಇವರು ಹೊಲದಿಂದ ನಡೆದು ಬರುತ್ತಿದ್ದರು, ಎತ್ತಿನ ಹಿಂದೆ, ಎತ್ತಿನ ಹಾಗೆ. ಒಳ್ಳೆಯವರು. ಬಂದು ಕಾಲು ತೊಳೆದು ಉಂಡು ಮಲಗುತ್ತಿದ್ದರು. ಆ ದಿನ ಮಾಳಿಗೆಯಿಂದ ಇಳಿದವಳು ದೇವರ ಮಾಡದ ಕಪ್ಪುಗಳನ್ನು ತಿಕ್ಕದೆ ಹಾಗೇ ಬಿಟ್ಟೆ. ಅತ್ತಿ ಕೇಳಿದಳು. ಕೈ ನೋವು ಎಂದೆ.

ಈಗ ಆ ದಿನದ ಮಾತು.

ನಿಜಾಮನ ರಾಜ್ಯದ ಕೊನೆಯ ವರ್ಷ. ಗಲಾಟೆ ಹೆಚ್ಚಾಗಿ ಶರಣಪ್ಪ ಓದು ಬಿಟ್ಟು ಊರಿಗೆ ಬಂದುಬಿಟ್ಟಿದ್ದ. ರಜಾಕಾರರ ಹೆದರಿಕೆಗೆ ಚಿಂಚೋಳಿ ಕಡೆಯ ಬೀಗರು ಮಕ್ಕಳುಮರಿ ಕಟ್ಟಿಕೊಂಡು ನಮ್ಮ ಮನೆಗೆ ಬಂದಿದ್ದರು. ಮೇಲಿಟ್ಟ ಜೋಳ ತೀರಿತು. ಉಳಿದದ್ದು ಅಂಗಳದ ಹಗೇವಿನಲ್ಲಿ. ಸರಕಾರಕ್ಕೆ ಲೆವಿ ಜೋಳ ವಸೂಲಿ ಮಾಡಲು ಬರುವವರಿಗೆ ಕಾಣದಂತೆ ಬಾಯಿಗೆ ಫರಸಿ ಮುಚ್ಚಿ, ಮಣ್ಣು ಹಾಕಿ, ಮೇಲೆ ದನ ಕಟ್ಟಿದ್ದೆವು.

ಈಗಿನ ಮಕ್ಕಳಿಗೆ ಹಗೇವು ಅಂದರೆ ತಿಳಿಯದು. ನೆಲದೊಳಗೆ ಕೊಡದ ಹಾಗೆ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಎರಡು ಆಳಿಗಿಂತ ಹೆಚ್ಚು. ಮುಚ್ಚಿಟ್ಟ ಜೋಳದ ಕಾವಿಗೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ಬಾಯಿ ತೆಗೆದು ಒಂದು ಹಗಲು ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ದೇವರ ಮುಂದಿನ ದೀಪವನ್ನು ಮನೆಯ ಹಿರಿ ಸೊಸೆ ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ತಳ ಮುಟ್ಟಿ ಉರಿದರೆ ಇಳಿಯಬಹುದು. ಇಳಿಯುವವನು ದೀಪ ಹಿಡಿದವಳನ್ನು ಒಂದು ಮಾತು ಕೇಳಿಯೇ ಇಳಿಯಬೇಕು. ಅವಳು ಹೂಂ ಅನ್ನಬೇಕು. ಇದು ನಮ್ಮ ಮನೆಯ ರೂಢಿ.

ಆ ವರ್ಷ ಬಾಯಿ ತೆಗೆದು ದಿನಗಟ್ಟಲೆ ಬಿಡುವ ಹಾಗಿರಲಿಲ್ಲ. ಯಾರಾದರೂ ನೋಡಿದರೆ ಜೋಳ ಹೋಗುತ್ತಿತ್ತು. ಬೆಳಿಗ್ಗೆ ತೆಗೆದು, ಮಧ್ಯಾಹ್ನದೊಳಗೆ ಜೋಳ ಎತ್ತಿ ಮುಚ್ಚಬೇಕೆಂದು ನಿಶ್ಚಯವಾಯಿತು. ಗಂಡಸರು ಬಿತ್ತಲು ಹೋಗಿದ್ದರು. ಮನೆಯಲ್ಲಿ ಶರಣಪ್ಪ, ಖಾಸಿಂ. ಅತ್ತಿ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಮಂದ. ಬೀಗರ ಹೆಂಗಸರು ಒಳಗೆ. ನಿನ್ನನ್ನು ತಲೆಬಾಗಿಲಲ್ಲಿ ನಿಲ್ಲಿಸಿದ್ದರು, ದಾರಿ ನೋಡಲು. ಹೀಗಾಗಿ, ಕಾಶಿ, ಆ ದಿನ ಬೇರೆ ಏನೂ ಇರಲಿಲ್ಲ ನಮ್ಮ ಹತ್ತಿರ. ದೀಪ ಒಂದೇ ಇತ್ತು. ದೀಪ ನನ್ನ ಕೈಯಲ್ಲಿತ್ತು.

ನಾನು ಬಗ್ಗಿ ಇಳಿಬಿಟ್ಟೆ. ಖಾಸಿಂ ಆ ಕಡೆ ಬುಟ್ಟಿ ಜೋಡಿಸುತ್ತಿದ್ದ. ಶರಣಪ್ಪ ಮುಚ್ಚಳದ ಕಲ್ಲು ಸರಿಸಿ, ಬೆನ್ನು ತಿರುಗಿಸಿ ಮಣ್ಣು ಎಳೆಯುತ್ತಿದ್ದ. ಅವನ ಬಾಯಿ ಸುಮ್ಮನಿರಲಿಲ್ಲ.

“ಏನಂತದ್ರಿ ವೈನಿ ನಿಮ್ಮ ದೀಪ? ಲಗು ಹೇಳ್ರಿ. ನಾ ಏನ್ ನಮ್ಮಣ್ಣನಂಗ ಒಳಗ ಹೋಗಿ ನಿದ್ದಿ ಹೊಡಿಯಾಂವ ಅಲ್ಲ. ನನ್ನ ಉಸುರು ಭಾಳ ದೊಡ್ಡದದ.”

ಅತ್ತಿ ಕಟ್ಟೆಯ ಮೇಲಿಂದ ನಕ್ಕಳು. “ಹೌದಪ್ಪ, ನಿಂದು ನಿನ್ನ ಅಣ್ಣಂದು ಎಲ್ಲಿ ಸರಿ” ಎಂದಳು.

ಆಗಲೇ ದೀಪ ಆರಿತು.

ಕೆಂಪಗೆ ಒಂದು ಚುಕ್ಕೆ ಉಳಿಯಿತು, ಅದೂ ಹೋಯಿತು. ನಾನು ಮೇಲೆ ಎಳೆದುಕೊಂಡೆ. ಬತ್ತಿಯ ಹೊಗೆ ಮೂಗಿಗೆ ಬಂತು. ಆ ವಾಸನೆ ಈಗಲೂ... ಇರಲಿ. ದೀಪವನ್ನು ಹಗ್ಗದಿಂದ ಬಿಚ್ಚಿ ಸೆರಗಿನೊಳಗೆ ಮುಚ್ಚಿಕೊಂಡೆ. ನನ್ನ ತಲೆಯಲ್ಲಿ ಆಗ ಏನಿತ್ತು, ಅದನ್ನೂ ಬರೆಯುತ್ತೇನೆ. ಇವನು ಇಳಿಯಲಿ. ಇವನಿಗೂ ಒಂದು ಸಲ ತಲೆ ತಿರುಗಲಿ. ಇವನನ್ನೂ ಹಗ್ಗ ಹಿಡಿದು ಎಳೆಯಲಿ, ಅಂಗಳದಲ್ಲಿ ವಾಂತಿ ಮಾಡಿಕೊಳ್ಳಲಿ, ಇವನೂ ಯವ್ವಾ ಅನ್ನಲಿ. ಕಾಶಿ ನೋಡಲಿ. ಬಾವಿಯ ಹೆಂಗಸರು ನಾಳೆ ಅವಳನ್ನು ಕೇಳಲಿ. ಇಷ್ಟೇ. ಸಾಯಲಿ ಎಂದುಕೊಳ್ಳಲಿಲ್ಲ. ಆದರೆ ಅದನ್ನು ಹೇಳಿ ನನ್ನ ತಪ್ಪು ಚಿಕ್ಕದು ಮಾಡಲು ಹೋಗುವುದಿಲ್ಲ. ದೀಪ ಆರಿದ ಹಗೇವು ಏನು ಮಾಡುತ್ತದೆಂದು ಈ ಕಡೆ ಹುಟ್ಟಿದ ಯಾವ ಹೆಂಗಸಿಗೆ ಗೊತ್ತಿಲ್ಲ?

“ಉರೀಲಿಕತ್ತದ” ಎಂದೆ.

ಇನ್ನೊಂದು ನನಗೆ ಹೊಳೆಯಲೇ ಇಲ್ಲ. ನನ್ನ ಗಂಡನ ಜೀವ ಉಳಿಸಿದ್ದು ಸೊಂಟದ ಹಗ್ಗ. ಅದನ್ನು ಕಟ್ಟಿದ್ದು ಅನುಮಾನವಿತ್ತೆಂದು. ದೀಪ ಚೆನ್ನಾಗಿ ಉರಿಯಿತೆಂದರೆ ಹಗ್ಗ ಯಾರು ಕಟ್ಟುತ್ತಾರೆ? ನನ್ನ ಮಾತು ಆ ಹಗ್ಗವನ್ನೂ ಬಿಚ್ಚಿತು.

ಶರಣಪ್ಪ ಧೋತರ ಕಟ್ಟಿ ಬಾಯಿಯ ಹತ್ತಿರ ಬಂದ. ಖಾಸಿಂ ಅವನನ್ನು ಭುಜ ಹಿಡಿದು ಹಿಂದೆ ಸರಿಸಿದ.

“ಸಣ್ಣ ಧಣೇರೆ, ನೀವು ಓಡವ್ರು, ಇಳಿಯವ್ರಲ್ಲ. ಬುಟ್ಟಿ ತುಂಬೂದು ನನ್ನ ಕೆಲಸ. ಸರೀರಿ.”

“ಯಾಕೋ ಖಾಸಿಂ, ನಂಗ ಬರೂದಿಲ್ಲೇನು?”

“ಬರ್ತದ್ರಿ. ನೀವು ಜ್ವಾಳಾ ತುಂಬೂದ್ರಾಗ ಬೀಗ್ರು ಉಪಾಸ ಸಾಯ್ತಾರ.”

ಇಬ್ಬರೂ ನಕ್ಕರು. ಖಾಸಿಂ ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ಆಮೇಲೆ, ರೂಢಿಯ ಪ್ರಕಾರ, ನನ್ನ ಕಡೆ ತಿರುಗಿದ.

“ದೀಪಾ ನೋಡೀರೇನ್ರಿ ಅಕ್ಕೋರೆ?”

ಖಾಸಿಂನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ನನ್ನ ಮೊದಲ ಬಾಣಂತನದಲ್ಲಿ ಅವನ ಹೆಂಡತಿ ಹಸೀನಾ ಬಂದು ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಅವನು ಕೇಳಿದಾಗ ಆರಿದ ದೀಪ ನನ್ನ ಸೆರಗಿನೊಳಗೆ ಇನ್ನೂ ಬೆಚ್ಚಗಿತ್ತು. ಬೇಡ ಅಂದರೆ, ಈಗಷ್ಟೇ ಉರೀಲಿಕತ್ತದ ಅಂದವಳು ಯಾಕೆ ಬೇಡ ಅನ್ನುತ್ತಾಳೆ ಎಂದು ಶರಣಪ್ಪ ಕೇಳುತ್ತಾನೆ. ಸುಳ್ಳಿ ಅನ್ನಿಸಿಕೊಳ್ಳಬೇಕಾಗುತ್ತದೆ, ಅತ್ತಿಯ ಮುಂದೆ. ಅಷ್ಟಕ್ಕೆ — ಅಷ್ಟೇ ಅಷ್ಟಕ್ಕೆ —

“ನೋಡೀನಿ. ಇಳೀ” ಎಂದೆ.

ಮೊದಲನೆಯ ಮಾತು ಹೊಟ್ಟೆಕಿಚ್ಚಿನದು. ಈ ಎರಡನೆಯದಕ್ಕೆ ಅದೂ ಇಲ್ಲ.

ಖಾಸಿಂ ಗೋಡೆಯಲ್ಲಿ ಕೊರೆದ ಗುಳಿಗಳಲ್ಲಿ ಕಾಲಿಟ್ಟು ಇಳಿದ. ಒಂದು ಬುಟ್ಟಿಯೂ ಮೇಲೆ ಬರಲಿಲ್ಲ. ಜೋಳದ ಮೇಲೆ ಏನೋ ಬಿದ್ದ ಸಪ್ಪಳ. ಶರಣಪ್ಪ ಬಗ್ಗಿ ಕೂಗಿದ. ಉತ್ತರ ಇಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ.

“ವೈನಿ, ದೀಪ...?”

ನನ್ನ ಕೈ ಸೆರಗಿನೊಳಗೇ ಇತ್ತು. ಅವನು ನನ್ನ ಕೈ ನೋಡಿದ. ತಿಳಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ತಿಳಿಯಿತೆಂದೇ ನನಗೆ ಅನ್ನಿಸುತ್ತದೆ. ಬೈಯಲಿಲ್ಲ, ಕೇಳಲಿಲ್ಲ, ಅದಕ್ಕೆ ಹೊತ್ತು ಇರಲಿಲ್ಲ. ಹಗ್ಗ ಒಂದೇ ಇತ್ತು. ಅದರ ತುದಿಯನ್ನು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದ. ನನ್ನ ಕೈಗೇ ಕೊಟ್ಟ. ಎದೆ ತುಂಬ ಉಸಿರು ತೆಗೆದುಕೊಂಡ — ಓಟಕ್ಕೆ ನಿಲ್ಲುವಾಗ ಹೀಗೆ ತೆಗೆದುಕೊಳ್ಳುತ್ತಾರೆಂದು ಹಿಂದೊಮ್ಮೆ ಮಕ್ಕಳಿಗೆ ಆಡಿ ತೋರಿಸಿದ್ದ — ಇಳಿದ.

ಅವನು ಬಲ್ಲವನಾಗಿ ಇಳಿದ, ಕಾಶಿ. ಇದನ್ನು ನೀನು ತಿಳಿಯಬೇಕು. ಊರು ಹೇಳುವುದಕ್ಕಿಂತ ಅವನ ಧೈರ್ಯ ದೊಡ್ಡದು. ಒಳಗೆ ಗಾಳಿ ಕೆಟ್ಟಿದೆ ಎಂದು ಗೊತ್ತಿದ್ದೇ ಇಳಿದ. ಆ ಹಗ್ಗವನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದರೆ ಖಾಸಿಂಗೆ ಕಟ್ಟಲು ಏನೂ ಉಳಿಯುತ್ತಿರಲಿಲ್ಲ.

ಅತ್ತಿಯ ಕೂಗಿಗೆ ನೀನು ತಲೆಬಾಗಿಲಿಂದ ಓಡಿ ಬಂದೆ. ನನ್ನ ಜೊತೆ ಹಗ್ಗ ಹಿಡಿದೆ. ಹಗ್ಗ ಜಗ್ಗಿತು. ನೀನು, ನಾನು, ಬೀಗರ ಹೆಂಗಸರು ಎಳೆದೆವು. ಅವನೇ ಬರುತ್ತಾನೆಂದು ನೀನು ತಿಳಿದಿದ್ದೆ, ನನಗೆ ಗೊತ್ತು. ಖಾಸಿಂನ ತಲೆ ಮೇಲೆ ಬಂದಾಗ ನಿನ್ನ ಮುಖ ನಾನು ನೋಡಿದೆ. ಆದರೂ ನೀನು ಕೈ ಬಿಡಲಿಲ್ಲ. ಪೂರಾ ಎಳೆದು, ಬಿಚ್ಚಿ, ಹಗ್ಗ ಮತ್ತೆ ಒಳಗೆ ಬಿಟ್ಟೆ. “ಹಿಡೀರಿ, ಹಿಡೀರಿ” ಎಂದೆ. ಅವನ ಕೈ ಹಗ್ಗದ ಹತ್ತಿರ ಬಂತು. ಹಿಡಿಯಲಿಲ್ಲ.

ಹೊಲದಿಂದ ಗಂಡಸರು ಬಂದು, ಕಂಬಳಿ ಇಳಿಬಿಟ್ಟು ಬೀಸಿ ಬೀಸಿ ಗಾಳಿ ಹೊರಗೆ ಹಾಕಿ, ಅವನನ್ನು ಎತ್ತಿದರು. ಎತ್ತಿದವರು ನಮ್ಮ ಮನೆಯವರು. ತಮ್ಮನನ್ನು ತೊಡೆಯ ಮೇಲೆ ಹಾಕಿಕೊಂಡು, “ನಾ ಇಳೀತಿದ್ದೆ, ನಂಗ್ಯಾಕ ಕರೀಲಿಲ್ಲ” ಎಂದು ಎಲ್ಲರನ್ನೂ ಕೇಳಿದರು. ಅಂಗಳದಲ್ಲಿ ಹೆಂಗಸರು ಅಳುವಾಗ ನಾನು ಒಳಗೆ ಹೋಗಿ ದೀಪ ಹಚ್ಚಿ ದೇವರ ಮುಂದೆ ಇಟ್ಟೆ. ಕಪ್ಪುಗಳ ಪಕ್ಕದಲ್ಲಿ.

ದೀಪ ಇಳಿಬಿಟ್ಟಿರಲಿಲ್ಲವೇ ಎಂದು ಹಿರಿಯರು ಕೇಳಿದರು. “ಇಳಿಬಿಡೂದ್ರಾಗ ಖಾಸಿಂ ಇಳದುಬಿಟ್ಟ” ಎಂದೆ. ಅತ್ತಿ ಕಟ್ಟೆಯ ಮೇಲೆ ಇದ್ದಳು, ನಮ್ಮ ಮಾತು ಕೇಳಿದ್ದಳೋ ಏನೋ. ಅವಳು ಆ ದಿನದ ನಂತರ ಸರಿಯಾಗಿ ಮಾತಾಡಲೇ ಇಲ್ಲ. ಖಾಸಿಂ ಗೋಡೆಗೆ ಒರಗಿ ಕೂತಿದ್ದ, ಆಗಷ್ಟೇ ಎಚ್ಚರವಾಗಿತ್ತು. ನನ್ನ ಮಾತು ಕೇಳಿಸಿಕೊಂಡ. ತಿರುಗಿ ನೋಡಿದ. ನಾನು ಕಾದೆ. ಅವನು ತಲೆ ತಗ್ಗಿಸಿದ.

“ಹೌದ್ರಿ. ನಂದೇ ತಪ್ಪು.”

ಅವನ ದೊಡ್ಡ ಮನಸ್ಸು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಹಾಗಲ್ಲ. ಆ ವರ್ಷ ಎಂಥದಿತ್ತು ನಿನಗೆ ಗೊತ್ತು. ನಮ್ಮ ಮನೆಯ ಹಿರಿ ಸೊಸೆಯ ಮಾತಿನ ಎದುರು ಖಾಸಿಂ ಎಂಬ ಆಳಿನ ಮಾತನ್ನು ಯಾರು ಕೇಳುತ್ತಿದ್ದರು? ಅವನು ಅದನ್ನು ಆ ಗಳಿಗೆಯಲ್ಲಿ ಲೆಕ್ಕ ಹಾಕಿದ. ನಾನೂ ಹಾಕಿದ್ದೆ. ಅದೇ ನನ್ನ ಧೈರ್ಯ.

ಮಳೆಗಾಲ ಮುಗಿಯುವಾಗ ನಿಜಾಮ ಸೋತ. ಹಿಂದುಸ್ತಾನದ ದಂಡು ಬಂತು ಎಂದರು. ಆಗ ಸುತ್ತಿನ ಊರುಗಳಲ್ಲಿ ಏನೇನೋ ಆಯಿತು, ಅದನ್ನು ಬರೆಯುವ ಶಕ್ತಿ ನನಗಿಲ್ಲ. ನಮ್ಮೂರಲ್ಲೂ ಒಂದು ಸಂಜೆ ಕೆಲವರು ಬಡಿಗೆ ಹಿಡಿದು ಖಾಸಿಂನ ಮನೆಗೆ ಹೊರಟರು. ಅವರಿಗೆ ನೆವ ಬೇಕಿತ್ತು. ನೆವ ನಾನು ಕೊಟ್ಟಿದ್ದೆ. “ಶರಣಪ್ಪನ್ನ ಕೊಂದಾಂವ ಇವ” ಎನ್ನುತ್ತ ಹೋದರು.

ನೀನು ಬಿಳಿ ಸೀರೆಯಲ್ಲಿ ಓಡಿದೆ. ಗಂಡ ಸತ್ತ ಮೇಲೆ ಹೊಸಿಲು ದಾಟಿರದವಳು. ನಿನ್ನ ಹಿಂದೆ ನಾನೂ ಬಂದೆ. ನೀನು ಖಾಸಿಂನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

“ಇವನ್ನ ಮುಟ್ಟಬೇಕಂದ್ರ ಮೊದಲ ನನ್ನ ದಾಟ್ರಿ. ನನ್ನ ಗಂಡ ತನ್ನ ಉಸುರು ಕೊಟ್ಟು ಎತ್ತಿದ ಮನಷ್ಯಾ ಇವ. ಅವ್ರು ಕೊಟ್ಟಿದ್ದು ನೀವು ಕಸ್ಗೋತೀರೇನು?”

“ಸಣ್ಣವ್ವ, ನೀ ಸರಿ. ಇವನ ಅವಸರಕ್ಕ ನಿನ್ನ ಕುಂಕುಮ ಹೋಗ್ಯಾದ” ಎಂದ ಒಬ್ಬ.

“ಹೋದದ್ದು ನಂದು. ನಿಂದೇನು ಹೋಗ್ಯಾದ? ನಡೀ ಮನಿಗೆ.”

ಅವರು ಹೋದರು. ಬೈದುಕೊಳ್ಳುತ್ತ, ನೆಲ ನೋಡುತ್ತ ಹೋದರು. ನಾನು ನಿನ್ನ ಹಿಂದೆ ನಿಂತಿದ್ದೆ. ಅವಸರ ಅವನದಲ್ಲ ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ಆಗ ನನ್ನೊಳಗೆ ಏನಾಯಿತು ಹೇಳಲೇ? ಪಶ್ಚಾತ್ತಾಪ ಆಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಇವಳಿಗೆ ಈ ಧೈರ್ಯವೂ ಬಂತಲ್ಲ ಎಂದು.

ಅದು ಅಲ್ಲಿಗೂ ನಿಲ್ಲಲಿಲ್ಲ. ಆಮೇಲೆ ಊರಿಗೆ ದೊಡ್ಡವರು ಯಾರು ಬಂದರೂ ನಿನ್ನ ಕಾಲು ಮುಟ್ಟಿದರು. ಶಾಲೆಯ ಗೋಡೆಗೆ ಅವನ ಫೋಟೋ ಹಾಕಿದರು. ನಮ್ಮ ಮನೆಯವರು ಜ್ವರ ಬಂದು ಹೋದರು. ಬಂದವರು ಉಂಡು ಎದ್ದರು, ಮುಗಿಯಿತು. ನಿನ್ನದು ಹೆಸರಿರುವ ವೈಧವ್ಯ, ನನ್ನದು ಬರಿ ವೈಧವ್ಯ ಎಂದುಕೊಂಡೆ. ನಿನ್ನ ಕುಂಕುಮ ಅಳಿಸಿದ ಕೈ ನನ್ನದು, ಆ ಬೋಳು ಹಣೆಯ ಮೇಲೂ ಕಣ್ಣು ಹಾಕಿದೆ. ನೀನು ನನ್ನ ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲ ಕೂತೆ. ಅವರು ನಿನ್ನನ್ನು ‘ಸಣ್ಣವ್ವ’ ಎಂದು ತಬ್ಬಿದರೆ ಅದಕ್ಕೂ ಉರಿದೆ. ಇಂಥವಳ ಜೊತೆ ಇಷ್ಟು ವರ್ಷ ಉಂಡಿದ್ದೀ ನೀನು.

ಖಾಸಿಂ ಸಾಯುವ ತನಕ ನಮ್ಮ ಹೊಲದಲ್ಲೇ ದುಡಿದ. ಸುಗ್ಗಿಯಲ್ಲಿ ಮೊದಲ ತೆನೆ ತಂದು ಶರಣಪ್ಪನ ಫೋಟೋ ಮುಂದೆ ಇಡುತ್ತಿದ್ದ. ನನ್ನ ಜೊತೆ ಬೇಕಾದಷ್ಟೇ ಮಾತು. ಒಮ್ಮೆಯೂ ಕೇಳಲಿಲ್ಲ. ನಾನು ಒಮ್ಮೆಯೂ ಹೇಳಲಿಲ್ಲ. ಅವನ ಮಣ್ಣಿಗೆ ನೀನು ಹೋದೆ. ನಾನು ಮೊಣಕಾಲು ನೋವು ಎಂದೆ.

ಈಗ ಶಾಲೆಯವರು ಶರಣಪ್ಪನ ಹೆಸರಲ್ಲಿ ಓಟ ಇಡುತ್ತಾರೆ. ನೀನು ಕಪ್ಪು ಕೊಡುತ್ತೀ. ದೀಪ ಹಚ್ಚಲು ನನ್ನನ್ನು ಕರೆಯುತ್ತಾರೆ. “ಅಕ್ಕನ ಕೈಯಾಗಿಂದ ಆಗ್ಲಿ, ದೊಡ್ಡಾಕಿ” ಎಂದು ಹೇಳಿಕೊಟ್ಟವಳು ನೀನೇ. ನಾನು ಹಚ್ಚುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಆಮೇಲೆ ಹೆಡ್‌ಮಾಸ್ತರರು ಕಥೆ ಹೇಳುತ್ತಾರೆ.

ಹೋದ ವರ್ಷ ಹುಡುಗಿಯರ ಓಟದಲ್ಲಿ ಮೊದಲು ಬಂದವಳು ರೇಶ್ಮಾ, ಖಾಸಿಂನ ಮೊಮ್ಮಗಳು. ಬರಿಗಾಲಲ್ಲಿ ಓಡಿದಳು. ನೀನು ಕಪ್ಪು ಕೊಟ್ಟು ಗಲ್ಲ ಸವರಿದೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಆಗ ಹೆಡ್‌ಮಾಸ್ತರರು ಮೈಕಿನಲ್ಲಿ, “ದೀಪ ಇಳಿಬಿಡುವ ತನಕವೂ ಕಾಯದೆ ಅವಸರಪಟ್ಟ ಒಬ್ಬ ಆಳಿನ ಸಲುವಾಗಿ ನಮ್ಮ ಶರಣಪ್ಪನವರು ಪ್ರಾಣ ಕೊಟ್ಟರು” ಎಂದರು. ಹಿಂದೆ ಕೂತ ಮಕ್ಕಳು ರೇಶ್ಮಾಳ ಬೆನ್ನಿಗೆ ಕೈ ತಿವಿದರು. “ನಿಮ್ಮಜ್ಜ, ನಿಮ್ಮಜ್ಜ” ಎಂದು ನಕ್ಕರು. ಅವಳು ಕಪ್ಪನ್ನು ಮೆಲ್ಲಗೆ ಇಳಿಸಿ, ಲಂಗದ ಕೆಳಗೆ ಮುಚ್ಚಿಟ್ಟುಕೊಂಡಳು.

ನಾನು ಸೆರಗಿನೊಳಗೆ ದೀಪ ಮುಚ್ಚಿದ ಹಾಗೇ.

ಆ ದಿನದಿಂದ ಅನ್ನ ಸೇರುತ್ತಿಲ್ಲ ಎಂದು ನೀನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗುಳಿಗೆ ಕೊಟ್ಟರು. ದಿನಾ ನೀನೇ ನೀರು ಹಿಡಿದು ಕೊಡುತ್ತೀ.

ಕಾಶಿ, ನಾಳೆ ಓಟ ಇದೆ. ನೀನು ಸ್ನಾನ ಮಾಡಿ ಪೂಜೆಗೆ ಕೂಡುವ ಮೊದಲು ಇದನ್ನು ನಿನ್ನ ಮುಂದೆ ಇಡುತ್ತೇನೆ. ಓದು. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕೊಟ್ಟುಬಿಡುತ್ತೀಯೆಂಬ ಹೆದರಿಕೆ ನನಗೆ. ಈ ಮನೆಯಲ್ಲಿ ಇರು ಅಂದರೆ ಇರುತ್ತೇನೆ, ನಡೆ ಅಂದರೆ ಮಗನ ಹತ್ತಿರ ಸೇಡಮ್ಮಿಗೆ ಹೋಗುತ್ತೇನೆ. ಮಾತಾಡಿಸದಿದ್ದರೆ ಅದೂ ಸರಿ. ಆದರೆ ಶಾಲೆಗೆ ಮಾತ್ರ ನಾನು ಬರುತ್ತೇನೆ. ನೀನು ಬೇಡ ಅಂದರೂ ಬರುತ್ತೇನೆ. ಇದೊಂದರಲ್ಲಿ ನಿನ್ನ ಮಾತು ಕೇಳುವುದಿಲ್ಲ.

ಕಡ್ಡಿಪೆಟ್ಟಿಗೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ದೀಪ ರೇಶ್ಮಾ ಹಚ್ಚಲಿ. ಹೆಡ್‌ಮಾಸ್ತರರು ಕಥೆ ಶುರು ಮಾಡುವ ಮೊದಲು ಆ ಮೈಕು ನಾನು ತೆಗೆದುಕೊಳ್ಳುತ್ತೇನೆ. ನನಗೆ ಉದ್ದ ಮಾತು ಬರುವುದಿಲ್ಲ. ನಿನ್ನೆಯಿಂದ ಬಾಯಲ್ಲಿ ಅಂದುಕೊಳ್ಳುತ್ತಿದ್ದೇನೆ, ನಡುವೆ ತೊದಲಬಾರದೆಂದು —

ಖಾಸಿಂ ನನ್ನನ್ನು ಕೇಳಿಯೇ ಇಳಿದ. ದೀಪ ಆರಿತ್ತು. ನಾನು ಉರೀಲಿಕತ್ತದ ಅಂದೆ.